ಅಂಕ ಕಡಿಮೆಯಾದ ಮಕ್ಕಳ ವಿಚಾರ: ಪ್ರೊಬೇಷನ್, ಬ್ಯಾಕ್‌ಲಾಗ್, ಇಯರ್ ಬ್ಯಾಕ್

ಗೌರವಾನ್ವಿತ ದಾನಿಗಳೇ, ವಿದ್ಯಾರ್ಥಿವೇತನ ಪಡೆಯುತ್ತಿರುವ ಮಕ್ಕಳ ತಂದೆತಾಯಿಯರೇ,



ಒಳ್ಳೆಯ ಅಂಕ ಪಡೆದ ಮಕ್ಕಳ ಭಾವಚಿತ್ರಗಳನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದು ಎಲ್ಲ ಟ್ರಸ್ಟ್‌ಗಳಲ್ಲೂ ಇರುವ ಪದ್ಧತಿ. ಅದು ಆ ಮಕ್ಕಳ ಶ್ರಮಕ್ಕೆ ಸಲ್ಲಬೇಕಾದ ಗೌರವ. ಆದರೆ ನಮ್ಮ ಕಡತಗಳಲ್ಲಿ ಭಾವಚಿತ್ರ ಅಚ್ಚಾಗದ ಮಕ್ಕಳೂ ಇದ್ದಾರೆ. ದ್ವಿತೀಯ ಪಿಯುಸಿಯಲ್ಲಿ ಡಿಸ್ಟಿಂಕ್ಷನ್ ಪಡೆದು, ಸಿಇಟಿಯಲ್ಲಿ ಸೀಟು ಗಿಟ್ಟಿಸಿಕೊಂಡು, ಇಂಜಿನಿಯರಿಂಗಿನ ಮೊದಲ ಸೆಮಿಸ್ಟರಿನಲ್ಲೇ ಎರಡು ಮೂರು ವಿಷಯಗಳಲ್ಲಿ ಅನುತ್ತೀರ್ಣರಾದವರು ಅವರು. ಈ ಲೇಖನ ಅವರ ಬಗ್ಗೆ.

ಫಲಿತಾಂಶ ಬರುವ ಕಾಲದಲ್ಲಿ ನಮ್ಮ ಮುಂದೆ ಎರಡು ಪ್ರಶ್ನೆಗಳು ಬರುತ್ತವೆ. ದಾನಿಗಳು ಕೇಳುವುದು: "ಫೇಲಾದ ಹುಡುಗನಿಗೆ ಮತ್ತೆ ಏಕೆ ಹಣ ಕೊಡಬೇಕು? ಅದೇ ಹಣದಲ್ಲಿ ಇನ್ನೊಬ್ಬ ಒಳ್ಳೆಯ ವಿದ್ಯಾರ್ಥಿಗೆ ಕೊಡಬಹುದಲ್ಲ?" ತಂದೆತಾಯಿಯರು ಕೇಳುವುದು: "ಇನ್ನು ಓದಿಸಿ ಪ್ರಯೋಜನ ಇದೆಯೇ? ಬಿಡಿಸಿ ಕೆಲಸಕ್ಕೆ ಹಾಕಿದರೆ ಹೇಗೆ?" ಎರಡೂ ನ್ಯಾಯವಾದ ಪ್ರಶ್ನೆಗಳೇ. ಉತ್ತರ ಹೇಳಬೇಕಾದರೆ ಮೊದಲು ವಿಶ್ವವಿದ್ಯಾಲಯದ ನಿಯಮ ಏನು ಹೇಳುತ್ತದೆ ಎಂದು ತಿಳಿಯಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಗುವಿನ ಕುಟುಂಬಕ್ಕೆ ಇದನ್ನು ಹೇಳಿಕೊಡುವವರು ಯಾರೂ ಇರುವುದಿಲ್ಲ. ಹಾಗಾಗಿ ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಪ್ರೊಬೇಷನ್ ಎಂದರೆ ಏನು?

ಸರ್ಕಾರಿ ನೌಕರಿಗೆ ಸೇರಿದವರಿಗೆ ಪ್ರೊಬೇಷನ್ ಅವಧಿ ಇರುವುದು ಎಲ್ಲರಿಗೂ ಗೊತ್ತು. ಆ ಅವಧಿಯಲ್ಲಿ ನೌಕರ ನೌಕರನೇ, ಸಂಬಳವೂ ಬರುತ್ತದೆ. ಆದರೆ ಅವನ ಕೆಲಸವನ್ನು ಗಮನಿಸುತ್ತಿರುತ್ತಾರೆ. ವಿಶ್ವವಿದ್ಯಾಲಯದ ಪ್ರೊಬೇಷನ್ ಕೂಡ ಹಾಗೆಯೇ. ಅಂಕ ನಿಗದಿತ ಮಟ್ಟಕ್ಕಿಂತ ಕೆಳಗೆ ಹೋದ ವಿದ್ಯಾರ್ಥಿಗೆ ಸಂಸ್ಥೆ ಲಿಖಿತವಾಗಿ ಎಚ್ಚರಿಕೆ ಕೊಡುತ್ತದೆ. ಇಷ್ಟು ಅವಧಿಯಲ್ಲಿ ಇಷ್ಟು ಸುಧಾರಿಸಬೇಕು ಎಂದು ಷರತ್ತು ಹಾಕುತ್ತದೆ. ಆ ಅವಧಿಯಲ್ಲಿ ಅವನು ಅಲ್ಲಿನ ವಿದ್ಯಾರ್ಥಿಯೇ. ಹೊರಹಾಕಿದ್ದಾರೆ ಎಂದು ಅರ್ಥವಲ್ಲ.

ಅಮೆರಿಕದ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಗೆ 4ರ ಮಾಪನದಲ್ಲಿ 2.0ಕ್ಕಿಂತ ಕಡಿಮೆ ಸರಾಸರಿ ಬಂದರೆ ಪ್ರೊಬೇಷನ್ ಆರಂಭವಾಗುತ್ತದೆ. ಸ್ನಾತಕೋತ್ತರ ತರಗತಿಗೆ ಸಾಮಾನ್ಯವಾಗಿ 3.0 ಬೇಕು. ನಮ್ಮ ದೇಶದಲ್ಲಿ ಕಾನ್ಪುರದ ಐಐಟಿಯ ನಿಯಮದಲ್ಲೂ ಮೊದಲು ಎಚ್ಚರಿಕೆ, ನಂತರ ಪ್ರೊಬೇಷನ್ ಎಂಬ ಹಂತಗಳಿವೆ.

ಬುದ್ಧಿವಂತ ಮಕ್ಕಳಿಗೆ ಹೀಗಾಗುವುದಿಲ್ಲ ಎಂದು ಯಾರೂ ತಿಳಿಯಬೇಕಾಗಿಲ್ಲ. 2015ರಲ್ಲಿ ರೂರ್ಕಿ ಐಐಟಿಯಲ್ಲಿ ಮೊದಲ ವರ್ಷ ಸರಾಸರಿ 5ಕ್ಕಿಂತ ಕಡಿಮೆ ಬಂದಿದೆ ಎಂಬ ಕಾರಣಕ್ಕೆ 70ಕ್ಕೂ ಹೆಚ್ಚು ವಿದ್ಯಾರ್ಥಿಗಳ ಹೆಸರು ತೆಗೆದುಹಾಕಿದ್ದು ದೇಶದಾದ್ಯಂತ ಸುದ್ದಿಯಾಯಿತು. ಕೊನೆಗೆ ಅವರಿಗೆ ಷರತ್ತುಗಳ ಮೇಲೆ ಮತ್ತೊಂದು ಅವಕಾಶ ದೊರೆಯಿತು. ದೇಶದ ಅತ್ಯಂತ ಕಠಿಣ ಪ್ರವೇಶ ಪರೀಕ್ಷೆ ಪಾಸಾಗಿ ಬಂದವರು ಅವರು. ಅವರಿಗೇ ಮೊದಲ ವರ್ಷ ಕಷ್ಟವಾಯಿತು ಎಂದರೆ, ತಾಲ್ಲೂಕು ಕೇಂದ್ರದ ಕಾಲೇಜಿನಿಂದ ಬಂದ ನಮ್ಮ ಮಕ್ಕಳಿಗೆ ಕಷ್ಟವಾಗುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ರಾಜ್ಯದಲ್ಲಿ ಇದರ ಹೆಸರು ಬೇರೆ

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 1998ರಲ್ಲಿ ಆರಂಭವಾಯಿತು. ರಾಜ್ಯದ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು ಅದರ ವ್ಯಾಪ್ತಿಯಲ್ಲಿವೆ. ಅಲ್ಲಿನ ಮಕ್ಕಳ ಬಾಯಲ್ಲಿ ಪ್ರೊಬೇಷನ್ ಎಂಬ ಮಾತು ಕೇಳಿಬರುವುದಿಲ್ಲ. ಕೇಳಿಬರುವುದು ಬ್ಯಾಕ್‌ಲಾಗ್ ಮತ್ತು ಇಯರ್ ಬ್ಯಾಕ್. ಎರಡಕ್ಕೂ ವ್ಯತ್ಯಾಸವಿದೆ.

ಬ್ಯಾಕ್‌ಲಾಗ್ ಎಂದರೆ ಪಾಸಾಗದೆ ಉಳಿದ ವಿಷಯ. ವಿದ್ಯಾರ್ಥಿ ಮುಂದಿನ ಸೆಮಿಸ್ಟರಿಗೆ ಹೋಗುತ್ತಾನೆ. ಉಳಿದ ವಿಷಯದ ಪರೀಕ್ಷೆಯನ್ನು ಜೊತೆಯಲ್ಲೇ ಬರೆಯುತ್ತಾನೆ. ಇಯರ್ ಬ್ಯಾಕ್ ಎಂದರೆ ಉಳಿದ ವಿಷಯಗಳ ಸಂಖ್ಯೆ ಮಿತಿ ಮೀರಿದ್ದರಿಂದ ಮುಂದಿನ ವರ್ಷಕ್ಕೆ ಹೋಗಲು ಅನುಮತಿ ಸಿಗದಿರುವುದು. ವರ್ಷದ ಒಳಗೆ, ಒಂದನೇ ಸೆಮಿಸ್ಟರಿನಿಂದ ಎರಡನೆಯದಕ್ಕೆ ಹೋಗುವಾಗ, ಸಾಮಾನ್ಯವಾಗಿ ಅಡ್ಡಿ ಇಲ್ಲ. ಎರಡರಿಂದ ಮೂರಕ್ಕೆ, ನಾಲ್ಕರಿಂದ ಐದಕ್ಕೆ ಹೋಗುವಾಗ ಲೆಕ್ಕ ನೋಡುತ್ತಾರೆ. ಈ ಮಿತಿ ಒಂದೊಂದು ಸ್ಕೀಮಿಗೆ ಒಂದೊಂದು ರೀತಿ. 2018, 2021, 2022 ಎಂದು ಬೇರೆ ಬೇರೆ ಸ್ಕೀಮುಗಳಿವೆ. ಸ್ವಾಯತ್ತ ಕಾಲೇಜುಗಳಿಗೆ ಅವುಗಳದೇ ನಿಯಮಗಳಿವೆ. ಆದ್ದರಿಂದ "ಪಕ್ಕದ ಮನೆಯವರ ಮಗನಿಗೆ ಹೀಗಿತ್ತು" ಎಂಬ ಮಾತನ್ನು ನಂಬಿ ಕೂರಬಾರದು. ಮಗು ಯಾವ ಸ್ಕೀಮಿನಲ್ಲಿದೆ ಎಂದು ಕೇಳಿ, ಆ ಸ್ಕೀಮಿನ ನಿಯಮಾವಳಿಯಲ್ಲಿ 'ವರ್ಟಿಕಲ್ ಪ್ರೋಗ್ರೆಷನ್' ಎಂಬ ಭಾಗವನ್ನು ಕಾಲೇಜಿನ ಪರೀಕ್ಷಾ ವಿಭಾಗದಿಂದ ಪಡೆದು ಓದಬೇಕು.

ವೈದ್ಯಕೀಯ ಶಿಕ್ಷಣದಲ್ಲಿ ನಿಯಮ ಇನ್ನೂ ಬಿಗಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ನಿಯಮದಂತೆ ಎಂಬಿಬಿಎಸ್ ಮೊದಲ ವರ್ಷದ ಪರೀಕ್ಷೆಗೆ 4 ಅವಕಾಶಗಳು ಮಾತ್ರ. ಇಡೀ ಕೋರ್ಸನ್ನು ಪ್ರವೇಶ ಪಡೆದ 9 ವರ್ಷಗಳೊಳಗೆ ಮುಗಿಸಬೇಕು. ವಿಟಿಯುವಿನ 4 ವರ್ಷದ ಬಿ.ಇ. ಮುಗಿಸಲು ಗರಿಷ್ಠ 8 ವರ್ಷಗಳ ಅವಕಾಶವಿದೆ. ಅಂದರೆ ಬಾಗಿಲು ಒಂದೇ ಏಟಿಗೆ ಮುಚ್ಚುವುದಿಲ್ಲ. ಆದರೆ ಎಲ್ಲ ಬಾಗಿಲಿಗೂ ಒಂದು ಕೊನೆಯ ದಿನಾಂಕ ಇದೆ.

ಅಂಕಪಟ್ಟಿಯನ್ನು ಓದುವ ಬಗೆ

ತಂದೆತಾಯಿ ಅಂಕಪಟ್ಟಿ ನೋಡಿದಾಗ ಕಾಣುವುದು 'ಎಫ್' ಎಂಬ ಅಕ್ಷರ ಮಾತ್ರ. ಅದರ ಹಿಂದಿನ ಲೆಕ್ಕ ತಿಳಿದರೆ ದಾರಿ ಕಾಣುತ್ತದೆ.

ವಿಟಿಯುವಿನ 2022ರ ಸ್ಕೀಮನ್ನೇ ನೋಡೋಣ. ಒಂದು ವಿಷಯಕ್ಕೆ 100 ಅಂಕ. ಇದರಲ್ಲಿ 50 ಕಾಲೇಜಿನ ಆಂತರಿಕ ಅಂಕ, ಮಕ್ಕಳು 'ಇಂಟರ್ನಲ್ಸ್' ಎನ್ನುವುದು ಇದನ್ನೇ. ಉಳಿದ 50 ಸೆಮಿಸ್ಟರ್ ಕೊನೆಯ ಪರೀಕ್ಷೆಯದು. ಪ್ರಶ್ನೆಪತ್ರಿಕೆ 100 ಅಂಕಕ್ಕೆ ಇರುತ್ತದೆ, ಬಂದದ್ದನ್ನು 50ಕ್ಕೆ ಇಳಿಸುತ್ತಾರೆ. ಪಾಸಾಗಲು ಮೂರು ಷರತ್ತುಗಳು: ಆಂತರಿಕದಲ್ಲಿ ಕನಿಷ್ಠ 20, ಪರೀಕ್ಷೆಯಲ್ಲಿ ಕನಿಷ್ಠ 18, ಎರಡೂ ಸೇರಿ ಕನಿಷ್ಠ 40.

ಇಲ್ಲಿ ಹಲವು ಮಕ್ಕಳು ಎಡವುತ್ತಾರೆ. ಆಂತರಿಕದಲ್ಲಿ ಸರಿಯಾಗಿ 20, ಪರೀಕ್ಷೆಯಲ್ಲಿ ಸರಿಯಾಗಿ 18 ಬಂದರೆ ಎರಡರಲ್ಲೂ ಕನಿಷ್ಠ ಬಂದಂತಾಯಿತು. ಆದರೆ ಒಟ್ಟು 38. ಆ ವಿದ್ಯಾರ್ಥಿ ಅನುತ್ತೀರ್ಣ. ಆಂತರಿಕದಲ್ಲಿ 30 ಇದ್ದವನಿಗೆ ಪರೀಕ್ಷೆಯಲ್ಲಿ 18 ಬಂದರೆ ಸಾಕು, ನೆಮ್ಮದಿಯಾಗಿ ಪಾಸು. ಮತ್ತೆ ಪರೀಕ್ಷೆ ಬರೆಯುವಾಗಲೂ ಹಳೆಯ ಆಂತರಿಕ ಅಂಕವೇ ಮುಂದುವರಿಯುತ್ತದೆ. ಆದ್ದರಿಂದ ಸೆಮಿಸ್ಟರಿನ ನಡುವೆ ನಡೆಯುವ ಸಣ್ಣ ಪರೀಕ್ಷೆಗಳನ್ನೂ ಅಸೈನ್‌ಮೆಂಟುಗಳನ್ನೂ "ಇದೇನು ಮಹಾ" ಎಂದು ಬಿಡಬಾರದು.

ಆಂತರಿಕ ಅಂಕ 20ಕ್ಕಿಂತ ಕಡಿಮೆಯಾದರೆ ಅಥವಾ ಹಾಜರಾತಿ ಕೊರತೆಯಾದರೆ ಪರೀಕ್ಷೆಗೆ ಕೂರಲು ಅವಕಾಶವೇ ಇಲ್ಲ. ಆಗ ಫಲಿತಾಂಶದಲ್ಲಿ 'ಎನ್‌ಇ' ಎಂದು ಬರುತ್ತದೆ, ಅಂದರೆ ಅರ್ಹನಲ್ಲ ಎಂದು. ಇದು 'ಎಫ್'ಗಿಂತ ಕಷ್ಟದ್ದು. ಬರೀ ಪರೀಕ್ಷೆ ಬರೆದರೆ ಸಾಲದು, ಆ ವಿಷಯಕ್ಕೆ ಮತ್ತೆ ನೋಂದಾಯಿಸಿಕೊಂಡು ತರಗತಿಗೆ ಹೋಗಬೇಕು. ಹಾಜರಾತಿ 85% ಇರಬೇಕು. ಅನಾರೋಗ್ಯದಂತಹ ಸರಿಯಾದ ಕಾರಣ, ದಾಖಲೆ ಇದ್ದರೆ 10%ವರೆಗೆ ಕೊರತೆಯನ್ನು ಮನ್ನಿಸಬಹುದು. ಊರಲ್ಲಿ ಮದುವೆ, ಉರೂಸು, ಅಂಗಡಿಯಲ್ಲಿ ಜನ ಇಲ್ಲ ಎಂದು ಮಕ್ಕಳನ್ನು ವಾರಗಟ್ಟಲೆ ಕರೆಸಿಕೊಳ್ಳುವ ಮನೆಯವರು ಈ ಸಂಖ್ಯೆಯನ್ನು ನೆನಪಿಡಬೇಕು.

ಇನ್ನು ಸರಾಸರಿಯ ಲೆಕ್ಕ. ಪ್ರತಿ ವಿಷಯಕ್ಕೆ ಕ್ರೆಡಿಟ್ ಎಂಬ ತೂಕವಿದೆ. ಗ್ರೇಡಿಗೆ 10ರೊಳಗೆ ಒಂದು ಅಂಕವಿದೆ. ಬರೀ ಪಾಸಿಗೆ 4, ಎಫ್‌ಗೆ ಸೊನ್ನೆ. ಕ್ರೆಡಿಟನ್ನು ಗ್ರೇಡ್ ಅಂಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಕ್ರೆಡಿಟಿನಿಂದ ಭಾಗಿಸಿದರೆ ಆ ಸೆಮಿಸ್ಟರಿನ ಎಸ್‌ಜಿಪಿಎ. ಎಲ್ಲ ಸೆಮಿಸ್ಟರ್ ಸೇರಿಸಿದರೆ ಸಿಜಿಪಿಎ.

ಉದಾಹರಣೆಗೆ 20 ಕ್ರೆಡಿಟಿನ ಒಂದು ಸೆಮಿಸ್ಟರ್ ಇಟ್ಟುಕೊಳ್ಳೋಣ. 4 ಕ್ರೆಡಿಟಿನ ಗಣಿತ, 4 ಕ್ರೆಡಿಟಿನ ರಸಾಯನಶಾಸ್ತ್ರ ಎರಡರಲ್ಲೂ ಎಫ್. 3 ಕ್ರೆಡಿಟಿನ ಮೂರು ವಿಷಯಗಳಲ್ಲಿ 6, 6, 5. ಒಂದು ಕ್ರೆಡಿಟಿನ ಮೂರು ವಿಷಯಗಳಲ್ಲಿ 8, 8, 9. ಕೂಡಿಸಿದರೆ 51 ಮತ್ತು 25, ಒಟ್ಟು 76. 20ರಿಂದ ಭಾಗಿಸಿದರೆ 3.8. ನೋಡಿದರೆ ಎದೆ ಧಸಕ್ಕೆನ್ನುವ ಸಂಖ್ಯೆ. ಈಗ ಅದೇ ಮಗು ಆ ಎರಡು ವಿಷಯಗಳನ್ನು ಬರೀ ಪಾಸು ಮಾಡಿಕೊಂಡಿತು ಎನ್ನಿ. 32 ಸೇರಿ 108 ಆಯಿತು, ಸರಾಸರಿ 5.4. ಮುಂದಿನ 20 ಕ್ರೆಡಿಟಿನ ಸೆಮಿಸ್ಟರಿನಲ್ಲಿ 7 ತೆಗೆದರೆ ಸಿಜಿಪಿಎ 6.2. ಹಳೆಯ ಎರಡನ್ನು ಬಿಟ್ಟು ಹೊಸದರಲ್ಲಿ ಮಾತ್ರ 7 ತೆಗೆದರೆ 5.4ಕ್ಕೆ ನಿಲ್ಲುತ್ತದೆ. ಹೆಚ್ಚು ಕ್ರೆಡಿಟಿನ ಬಾಕಿ ವಿಷಯವನ್ನು ಮೊದಲು ತೀರಿಸಬೇಕು ಎಂದು ನಾವು ಹೇಳುವುದು ಇದಕ್ಕೇ.

ಮಕ್ಕಳು ಹಿಂದೆ ಬೀಳುವ ಕಾರಣಗಳು

"ಮೊಬೈಲ್ ನೋಡಿ ಹಾಳಾದ" ಎಂಬುದು ಎಲ್ಲರ ಬಾಯಲ್ಲೂ ಇರುವ ಕಾರಣ. ಅದೂ ಇರಬಹುದು. ಆದರೆ ನಾವು ಮಕ್ಕಳನ್ನು ಕೂರಿಸಿಕೊಂಡು ಮಾತನಾಡಿಸಿದಾಗ ಬೇರೆ ಕಾರಣಗಳು ಹೊರಬರುತ್ತವೆ.

ಮೊದಲನೆಯದು ಭಾಷೆ. ಹತ್ತನೆಯವರೆಗೆ ಉರ್ದು ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ವಿಷಯ ಗೊತ್ತಿರುತ್ತದೆ. ಮೂರು ಗಂಟೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಮುಗಿಸಲು ಆಗುವುದಿಲ್ಲ. ಎರಡನೆಯದು ಗಣಿತ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಮೂಲಕ ನೇರವಾಗಿ ಮೂರನೇ ಸೆಮಿಸ್ಟರಿಗೆ ಸೇರಿದವರಿಗೆ ಪಿಯುಸಿಯ ಗಣಿತದ ತಳಪಾಯ ಇರುವುದಿಲ್ಲ. ಕೈಕೆಲಸದಲ್ಲಿ, ಲ್ಯಾಬಿನಲ್ಲಿ ಅವರೇ ಮುಂದು. ಗಣಿತದಲ್ಲಿ ಅವರೇ ಹಿಂದು. ಮೂರನೆಯದು ಕೆಲಸ. ಪಿ.ಜಿ. ಬಾಡಿಗೆಗಾಗಿ ರಾತ್ರಿ ಹೊತ್ತು ಊಟ ತಲುಪಿಸುವ ಕೆಲಸ ಮಾಡುವ ಹುಡುಗ ಬೆಳಗಿನ ಮೊದಲ ತರಗತಿಯಲ್ಲಿ ನಿದ್ದೆಗೆ ಜಾರಿದರೆ ಅವನನ್ನು ಸೋಮಾರಿ ಎನ್ನುವುದು ಹೇಗೆ? ನಾಲ್ಕನೆಯದು ಮನೆಯ ಪರಿಸ್ಥಿತಿ: ತಂದೆಯ ಕಾಯಿಲೆ, ಅಕ್ಕನ ಮದುವೆಯ ಸಾಲ, ಗಲ್ಫಿನಿಂದ ಕೆಲಸ ಕಳೆದುಕೊಂಡು ಮರಳಿದ ಅಣ್ಣ. ಐದನೆಯದು ಮನಸ್ಸಿನ ಕಾಯಿಲೆ. ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಪುಸ್ತಕ ತೆರೆದರೆ ಅಕ್ಷರ ತಲೆಗೆ ಹೋಗುವುದಿಲ್ಲ ಎನ್ನುವ ಮಗುವಿಗೆ ಬುದ್ಧಿವಾದದಿಂದ ಗುಣವಾಗುವುದಿಲ್ಲ, ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಕಾರಣ ಯಾವುದೆಂದು ತಿಳಿಯದೆ ಪರಿಹಾರ ಇಲ್ಲ. ಗಣಿತ ಬಾರದವನಿಗೆ ಟ್ಯೂಷನ್ ಬೇಕು. ರಾತ್ರಿ ದುಡಿಯುವವನಿಗೆ ಟ್ಯೂಷನ್ ಕೊಟ್ಟರೆ ಇನ್ನಷ್ಟು ದಣಿಯುತ್ತಾನೆ, ಅವನಿಗೆ ಬೇಕಾದದ್ದು ಬಾಡಿಗೆ ಹಣ.

ಮುಚ್ಚಿಡುವುದರಿಂದ ಆಗುವ ನಷ್ಟ

ಇಷ್ಟು ವರ್ಷ ಮಕ್ಕಳ ಜೊತೆ ಇದ್ದು ನಮಗೆ ಖಚಿತವಾದ ಒಂದು ಸಂಗತಿ ಇದೆ. ಎರಡು ವಿಷಯಗಳಲ್ಲಿ ಅನುತ್ತೀರ್ಣನಾದ ಕಾರಣಕ್ಕೆ ಕಾಲೇಜು ಬಿಟ್ಟ ಮಗು ಅಪರೂಪ. ಅದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟು, ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟದೆ, ಎರಡು ನಾಲ್ಕಾಗಿ, ನಾಲ್ಕು ಏಳಾಗಿ ಕೊನೆಗೆ ಬಿಟ್ಟವರೇ ಹೆಚ್ಚು.

ಮಗು ಮುಚ್ಚಿಡುವುದು ಏಕೆ? ಬೀಡಿ ಕಟ್ಟಿ, ಹೊಲಿಗೆ ಹೊಲಿದು, ಆಟೋ ಓಡಿಸಿ ಓದಿಸುತ್ತಿರುವ ತಂದೆತಾಯಿಗೆ ಏನೆಂದು ಹೇಳುವುದು ಎಂಬ ನಾಚಿಕೆಯಿಂದ. "ನಮ್ಮ ಮಗ ಇಂಜಿನಿಯರ್ ಆಗುತ್ತಾನೆ" ಎಂದು ಮೊಹಲ್ಲಾದಲ್ಲೆಲ್ಲ ಹೇಳಿಕೊಂಡಿರುತ್ತಾರೆ. ಹೆಣ್ಣುಮಕ್ಕಳಿಗೆ ಇನ್ನೊಂದು ಭಯವಿದೆ: ಫೇಲ್ ಎಂದು ಗೊತ್ತಾದರೆ ಓದು ನಿಲ್ಲಿಸಿ ಮದುವೆ ಮಾಡಿಬಿಡುತ್ತಾರೆ ಎಂಬುದು. ಅಣ್ಣನಿಗೆ ಮತ್ತೊಂದು ಅವಕಾಶ ಕೊಟ್ಟ ಮನೆಯಲ್ಲೇ ತಂಗಿಗೆ ಅದು ಸಿಗದಿರುವುದನ್ನು ನಾವು ನೋಡಿದ್ದೇವೆ. ನಿಯಮ ಇಬ್ಬರಿಗೂ ಒಂದೇ ಇರುವಾಗ ಮನೆಯ ನ್ಯಾಯವೂ ಒಂದೇ ಇರಬೇಕಲ್ಲವೇ?

ಆದ್ದರಿಂದ ತಂದೆತಾಯಿಯರಲ್ಲಿ ವಿನಂತಿ. ಫಲಿತಾಂಶದ ದಿನ "ಎಷ್ಟು ಬಂತು? ಅವನಿಗೆ ಎಷ್ಟು ಬಂತು?" ಎಂದು ಕೇಳಬೇಡಿ. "ಯಾವ ವಿಷಯ ಬಾಕಿ ಉಳಿದಿದೆ? ಮತ್ತೆ ಪರೀಕ್ಷೆ ಯಾವಾಗ? ಶುಲ್ಕ ಕಟ್ಟಲು ಕೊನೆಯ ದಿನ ಯಾವುದು?" ಎಂದು ಕೇಳಿ. ಈ ಮೂರು ಪ್ರಶ್ನೆ ಕೇಳುವ ಮನೆಯಲ್ಲಿ ಮಗು ಸುಳ್ಳು ಹೇಳುವ ಅಗತ್ಯ ಬೀಳುವುದಿಲ್ಲ.

ಫಲಿತಾಂಶ ಬಂದ ಮೊದಲ ತಿಂಗಳು

1. ಮೊದಲ ವಾರ, ಅಂಕಗಳನ್ನು ವಿಷಯವಾರು ಬರೆದುಕೊಳ್ಳಿ. ಆಂತರಿಕ ಎಷ್ಟು, ಪರೀಕ್ಷೆಯಲ್ಲಿ ಎಷ್ಟು, ಎಷ್ಟು ಅಂಕಕ್ಕೆ ತಪ್ಪಿದೆ ಎಂದು ಕಾಗದದ ಮೇಲೆ ಇರಲಿ.

2. ಒಂದೆರಡು ಅಂಕಗಳಲ್ಲಿ ತಪ್ಪಿದ್ದರೆ ಉತ್ತರ ಪತ್ರಿಕೆಯ ನಕಲು ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಬಹುದು. ಇದಕ್ಕೆ ಕೊಡುವ ಅವಧಿ ಕೆಲವೇ ದಿನಗಳದ್ದು. 100ಕ್ಕೆ 12 ಬಂದ ಪತ್ರಿಕೆಗೆ ಮರುಮೌಲ್ಯಮಾಪನದ ಶುಲ್ಕ ಕಟ್ಟುವುದು ಹಣ ಪೋಲು ಮಾಡಿದಂತೆ. ಅದೇ ಹಣದಲ್ಲಿ ಪುಸ್ತಕ ಕೊಳ್ಳಿ.

3. ಮರುಮೌಲ್ಯಮಾಪನದ ಫಲಿತಾಂಶ ಬರಲಿ ಎಂದು ಕಾಯುತ್ತಾ ಓದು ನಿಲ್ಲಿಸಬಾರದು. ಮುಂದಿನ ಪರೀಕ್ಷೆಗೆ ನೋಂದಣಿ ಮಾಡಿಸಿಯೇ ಇರಬೇಕು.

4. ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೆ ಮೆಂಟರ್ ಅಥವಾ ಪ್ರಾಕ್ಟರ್ ಎಂಬ ಉಪನ್ಯಾಸಕರು ಇರುತ್ತಾರೆ. ತಂದೆ ಅಥವಾ ತಾಯಿ ಒಮ್ಮೆ ಹೋಗಿ ಅವರನ್ನು ಭೇಟಿಯಾಗಬೇಕು. ಇಂಗ್ಲಿಷ್ ಬಾರದು ಎಂದು ಸಂಕೋಚ ಬೇಡ. ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ಬೇಕಿದ್ದರೆ ನಮ್ಮ ಸದಸ್ಯರೊಬ್ಬರು ಜೊತೆಗೆ ಬರುತ್ತಾರೆ.

5. ಸ್ವಾಯತ್ತ ಕಾಲೇಜಾಗಿದ್ದರೆ ಮೇಕಪ್ ಪರೀಕ್ಷೆ ಅಥವಾ ಬೇಸಿಗೆ ರಜೆಯ ಸೆಮಿಸ್ಟರ್ ಇದೆಯೇ ಎಂದು ವಿಚಾರಿಸಿ. ಇದ್ದರೆ ಒಂದು ವರ್ಷ ಉಳಿಯಬಹುದು.

6. ಹಿಂದಿನ ಐದಾರು ಪರೀಕ್ಷೆಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆಯಿಸಿ. ಓದಿದ್ದೇನೆ ಎನ್ನುವುದಕ್ಕೂ ಬರೆಯಬಲ್ಲೆ ಎನ್ನುವುದಕ್ಕೂ ಅಂತರವಿದೆ. ಭಾಷೆಯ ತೊಡಕು ಇರುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

7. ಮಗು ಮಾತು ಬಿಟ್ಟಿದ್ದರೆ, ಒಂಟಿಯಾಗಿ ಕೂರುತ್ತಿದ್ದರೆ, ಬದುಕಿ ಏನು ಪ್ರಯೋಜನ ಎಂಬಂತಹ ಮಾತು ಆಡಿದರೆ, ಅಂಕದ ಮಾತನ್ನು ಆ ಕ್ಷಣವೇ ಪಕ್ಕಕ್ಕಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತನಾಡುತ್ತಾರೆ. ಮಗುವನ್ನು ಒಂಟಿಯಾಗಿ ಬಿಡಬೇಡಿ.

ಇಯರ್ ಬ್ಯಾಕ್ ಆಗಿಯೇ ಬಿಟ್ಟರೆ

ಆ ವರ್ಷ ಸಾಮಾನ್ಯವಾಗಿ ಹೊಸ ತರಗತಿಗಳಿರುವುದಿಲ್ಲ; ಬಾಕಿ ವಿಷಯಗಳ ಪರೀಕ್ಷೆ ಮಾತ್ರ. ಮಗು ಮನೆಯಲ್ಲಿ ಇರುತ್ತದೆ. ಅಪಾಯ ಇರುವುದು ಇಲ್ಲೇ. ಒಂದು ತಿಂಗಳು ಸುಮ್ಮನಿದ್ದು, ನಂತರ ಮಾವನ ಅಂಗಡಿ, ನಂತರ ಸಂಬಳ, ನಂತರ "ಸಂಬಳ ಬರುತ್ತಿದೆಯಲ್ಲ, ಇನ್ನು ಓದು ಏಕೆ" ಎಂಬ ಮಾತು. ದುಡಿಯಬಾರದು ಎಂದು ನಾವು ಹೇಳುವುದಿಲ್ಲ. ಅನೇಕ ಮನೆಗಳಿಗೆ ಅದು ಅನಿವಾರ್ಯ. ಆದರೆ ದಿನಕ್ಕೆ ಮೂರು ಗಂಟೆ ಬಾಕಿ ವಿಷಯಗಳಿಗೆ ಮೀಸಲಿರಲಿ. ಪರೀಕ್ಷೆಯ ಮುಂಚಿನ ತಿಂಗಳು ಕೆಲಸ ನಿಲ್ಲಲಿ. ಮರುಪ್ರವೇಶದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಷ್ಟರಲ್ಲಿ ಸ್ಕೀಮ್ ಬದಲಾಗಿದ್ದರೆ ಹೆಚ್ಚುವರಿ ವಿಷಯಗಳು ಸೇರಿಕೊಳ್ಳಬಹುದು, ಅದನ್ನು ಮೊದಲೇ ಕೇಳಿ ತಿಳಿಯಿರಿ.

ವಿದೇಶದಲ್ಲಿ ಓದುತ್ತಿರುವ ಮಕ್ಕಳು ಇನ್ನೊಂದು ವಿಚಾರ ಗಮನಿಸಬೇಕು. ಅಮೆರಿಕದಲ್ಲಿ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪೂರ್ಣ ಪ್ರಮಾಣದ ವಿಷಯಗಳನ್ನು ತೆಗೆದುಕೊಂಡಿರಲೇಬೇಕು. ಕಷ್ಟವಾಯಿತೆಂದು ತಾವಾಗಿಯೇ ಒಂದು ವಿಷಯ ಕೈಬಿಟ್ಟರೆ ಅಂಕ ಉಳಿಯಬಹುದು, ವೀಸಾ ಹೋಗಬಹುದು. ವಿಷಯ ಬಿಡುವ ಮೊದಲು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಲಿಖಿತ ಅನುಮತಿ ಪಡೆಯಬೇಕು.

ಹಣದ ವಿಚಾರ

ಅಲ್ಪಸಂಖ್ಯಾತರಿಗಾಗಿ ಇದ್ದ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಹಿಂದಿನ ಪರೀಕ್ಷೆಯಲ್ಲಿ 50% ಬೇಕೆಂಬ ಷರತ್ತು ಇತ್ತು. ಇಂತಹ ಷರತ್ತು ಅನೇಕ ಖಾಸಗಿ ವಿದ್ಯಾರ್ಥಿವೇತನಗಳಲ್ಲೂ ಇದೆ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಪಡೆದವರು ನವೀಕರಣ ಮಾಡಿಸಿಕೊಳ್ಳಬೇಕು. ಬ್ಯಾಂಕುಗಳು ಮುಂದಿನ ಕಂತು ಬಿಡುವ ಮೊದಲು ಅಂಕಪಟ್ಟಿ ಕೇಳುತ್ತವೆ. ಹೀಗೆ ಒಂದು ಎಫ್ ಬಂದರೆ ಅಂಕಕ್ಕೂ ಪೆಟ್ಟು, ಹಣಕ್ಕೂ ಪೆಟ್ಟು. ಹಣ ನಿಂತದ್ದರಿಂದ ಮಗು ಕೆಲಸಕ್ಕೆ ಹೋಗುತ್ತದೆ, ಕೆಲಸದಿಂದ ಇನ್ನೊಂದು ಎಫ್.

ಬ್ಯಾಂಕಿನಿಂದ ಶೈಕ್ಷಣಿಕ ಸಾಲ ಪಡೆದವರು ಕೋರ್ಸ್ ತಡವಾಗುವುದು ಖಚಿತವಾದ ಕೂಡಲೇ ಶಾಖೆಗೆ ಲಿಖಿತವಾಗಿ ತಿಳಿಸಬೇಕು. ಬ್ಯಾಂಕುಗಳ ಒಕ್ಕೂಟದ ಮಾದರಿ ಯೋಜನೆಯಲ್ಲಿ ಕೋರ್ಸ್ ಮುಗಿಸಲು 2 ವರ್ಷದವರೆಗೆ ಹೆಚ್ಚಿನ ಕಾಲ ಕೊಡಲು ಅವಕಾಶವಿದೆ. ಆದರೆ ಕೇಳದವರಿಗೆ ಯಾರೂ ಕೊಡುವುದಿಲ್ಲ. ಇನ್ನೊಂದು ಕಡೆ, ಕೋರ್ಸನ್ನು ಅರ್ಧದಲ್ಲೇ ಬಿಟ್ಟವರಿಗೆ ಕೇಂದ್ರದ ಬಡ್ಡಿ ಸಬ್ಸಿಡಿ ಯೋಜನೆಯ ನೆರವು ಅನಾರೋಗ್ಯದ ಕಾರಣದ ಹೊರತು ಸಿಗುವುದಿಲ್ಲ. ಪದವಿಯೂ ಇಲ್ಲ, ಸಾಲವೂ ಉಳಿಯಿತು, ಬಡ್ಡಿಯೂ ತಲೆಯ ಮೇಲೆ. "ಬಿಡಿಸಿ ಕೆಲಸಕ್ಕೆ ಹಾಕೋಣ" ಎನ್ನುವ ಮೊದಲು ಈ ಲೆಕ್ಕವನ್ನೂ ಮಾಡಬೇಕು.

ದಾನಿಗಳಿಗೆ ನಮ್ಮ ಉತ್ತರ

ನಿಮ್ಮ ಹಣ ನಮ್ಮ ಕೈಯಲ್ಲಿರುವ ಅಮಾನತ್. ಪ್ರತಿ ರೂಪಾಯಿಗೆ ಲೆಕ್ಕ ಕೇಳುವ ಹಕ್ಕು ನಿಮಗಿದೆ. ಅಲ್ಲಾಹನ ಮುಂದೆ ಲೆಕ್ಕ ಕೊಡುವ ಹೊಣೆ ನಮಗಿದೆ. ಝಕಾತ್ ಯಾರಿಗೆ ಸಲ್ಲಬೇಕು ಎಂಬ ಎಂಟು ವರ್ಗಗಳು ಸೂರಃ ತೌಬಾದ 60ನೇ ವಚನದಲ್ಲಿವೆ. ಅವುಗಳಲ್ಲಿ ಮೊದಲನೆಯವರು ಬಡವರು, ನಿರ್ಗತಿಕರು. ಹೆಚ್ಚು ಅಂಕ ಪಡೆದವರು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ಮಗು ನಮ್ಮಲ್ಲಿಗೆ ಬಂದದ್ದು ಬಡತನದ ಕಾರಣಕ್ಕೆ. ಒಂದು ಸೆಮಿಸ್ಟರಿನಲ್ಲಿ ಅಂಕ ಕಡಿಮೆಯಾದ ಮಾತ್ರಕ್ಕೆ ಬಡತನ ತೀರುವುದಿಲ್ಲ.

ಹಾಗೆಂದು ಕೇಳುವವರಿಲ್ಲದೆ ಹಣ ಕೊಡುತ್ತಾ ಹೋಗುವುದೂ ಸರಿಯಲ್ಲ. ಎರಡು ವರ್ಷದ ಶುಲ್ಕ ಕಟ್ಟಿದ ಮೇಲೆ ಮೂರನೆಯ ವರ್ಷ ಕೈಬಿಟ್ಟರೆ ಮೊದಲಿನ ಎರಡು ವರ್ಷದ ಹಣವೂ ಫಲ ಕೊಡದೆ ಹೋಗುತ್ತದೆ. ಮಗು ಓದುವುದನ್ನೇ ಬಿಟ್ಟಿದ್ದರೆ ಮೂರನೆಯ ವರ್ಷದ್ದೂ ಹೋಗುತ್ತದೆ. ಈ ಎರಡರ ನಡುವೆ ಒಂದು ದಾರಿ ಬೇಕು. ಅದನ್ನೇ ನಾವು 'ಷರತ್ತಿನ ನವೀಕರಣ' ಎಂದು ಕರೆಯುತ್ತೇವೆ. ವಿಶ್ವವಿದ್ಯಾಲಯದ ಪ್ರೊಬೇಷನ್ ಇದ್ದ ಹಾಗೆಯೇ ಇದಕ್ಕೂ ಅವಧಿ ಇದೆ, ಷರತ್ತು ಇದೆ, ಕೊನೆಯೂ ಇದೆ.

ಷರತ್ತಿನ ನವೀಕರಣ: ವಿದ್ಯಾರ್ಥಿಗಳ ಗಮನಕ್ಕೆ

ಬಾಕಿ ವಿಷಯಗಳಿರುವ ವಿದ್ಯಾರ್ಥಿಗಳು ಫಲಿತಾಂಶ ಬಂದ 15 ದಿನಗಳೊಳಗೆ ಅಂಕಪಟ್ಟಿಯ ಪ್ರತಿ, ಮುಂದಿನ ಪರೀಕ್ಷೆಯ ನೋಂದಣಿ ರಸೀದಿ ಮತ್ತು ಕಾಲೇಜಿನ ಮೆಂಟರ್ ಸಹಿ ಇರುವ ಹಾಜರಾತಿ ವಿವರವನ್ನು ಕಚೇರಿಗೆ ತಲುಪಿಸಬೇಕು. ನೋಂದಣಿ ಇನ್ನೂ ಆರಂಭವಾಗಿರದಿದ್ದರೆ ರಸೀದಿಯನ್ನು ನಂತರ ಕೊಡಬಹುದು. ಜೊತೆಗೆ, ಅಂಕ ಕಡಿಮೆಯಾದದ್ದಕ್ಕೆ ಕಾರಣ ಏನು, ಮುಂದೆ ಏನು ಮಾಡುತ್ತೀರಿ ಎಂದು ಸ್ವಂತ ಕೈಬರಹದಲ್ಲಿ ಒಂದು ಪುಟ. ಕನ್ನಡ, ಉರ್ದು, ಇಂಗ್ಲಿಷ್ ಯಾವುದರಲ್ಲಾದರೂ ಸರಿ.

ನಂತರ ತಂದೆ ಅಥವಾ ತಾಯಿಯ ಜೊತೆ ಒಂದು ಭೇಟಿ. ಅದು ವಿಚಾರಣೆಯಲ್ಲ, ಕಾರಣ ತಿಳಿಯುವ ಮಾತುಕತೆ. ಒಪ್ಪಿಗೆಯಾದರೆ ಮುಂದಿನ ಎರಡು ಸೆಮಿಸ್ಟರ್ ಶುಲ್ಕವನ್ನು ನೇರವಾಗಿ ಕಾಲೇಜಿಗೆ ಕಟ್ಟುತ್ತೇವೆ. ಬಾಕಿ ಪರೀಕ್ಷೆಯ ಶುಲ್ಕವೂ ಅದರಲ್ಲಿ ಸೇರಿದೆ. ತಿಂಗಳಿಗೊಮ್ಮೆ ನಮ್ಮ ನಿವೃತ್ತ ಶಿಕ್ಷಕರೊಬ್ಬರನ್ನು ಭೇಟಿಯಾಗಿ ಓದಿನ ವಿವರ ಕೊಡಬೇಕು. ಎರಡು ಸೆಮಿಸ್ಟರ್ ಮುಗಿದಾಗ ಬಾಕಿ ವಿಷಯಗಳ ಸಂಖ್ಯೆ ಇಳಿದಿರಬೇಕು. ಇಳಿದಿದ್ದರೆ ಮಾಮೂಲಿ ನವೀಕರಣ. ಇಳಿಯದಿದ್ದರೆ ಬೇರೆ ಕೋರ್ಸ್, ಬೇರೆ ದಾರಿ ಯಾವುದೆಂದು ಕುಟುಂಬದ ಜೊತೆ ಕೂತು ನಿರ್ಧರಿಸುತ್ತೇವೆ.

ಅಂಕ ಕಡಿಮೆ ಬಂದದ್ದಕ್ಕೆ ನಾವು ಯಾರ ವಿದ್ಯಾರ್ಥಿವೇತನವನ್ನೂ ಕೂಡಲೇ ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಮೂರು ಕಾರಣಕ್ಕೆ: ಅಂಕಪಟ್ಟಿ ಮುಚ್ಚಿಟ್ಟರೆ, ಅಂಕಪಟ್ಟಿ ತಿದ್ದಿದರೆ, ಕಾರಣವಿಲ್ಲದೆ ಪರೀಕ್ಷೆಗೆ ಕೂರದಿದ್ದರೆ. ಈ ನಿಯಮ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಒಂದೇ.

ಕೆಲವು ದಾನಿಗಳು ತಮ್ಮ ಹಣ ಉತ್ತಮ ಅಂಕ ಪಡೆದವರಿಗೇ ಸಲ್ಲಲಿ ಎಂದು ಬಯಸುತ್ತಾರೆ. ಅವರು ರಸೀದಿಯಲ್ಲಿ ಹಾಗೆಂದು ನಮೂದಿಸಬಹುದು, ನಾವು ಅದನ್ನು ಪಾಲಿಸುತ್ತೇವೆ. ಷರತ್ತಿನ ನವೀಕರಣದ ಮಕ್ಕಳಿಗೆ ಕೊಡಬಯಸುವವರು ಅದನ್ನೂ ಬರೆಯಬಹುದು. ಹಣದಷ್ಟೇ ಬೇಕಾಗಿರುವುದು ಸಮಯ. ಮೊದಲ ವರ್ಷದ ಇಂಜಿನಿಯರಿಂಗ್ ಗಣಿತ ಕಲಿಸಬಲ್ಲವರು ವಾರಕ್ಕೆ ಎರಡು ಗಂಟೆ ಕೊಟ್ಟರೆ ಹಲವು ಮಕ್ಕಳ ಒಂದು ವರ್ಷ ಉಳಿಯುತ್ತದೆ. ಇಚ್ಛೆ ಇರುವವರು ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ವಿನಂತಿ.

ನಮ್ಮ ಮಕ್ಕಳ ಕಷ್ಟಗಳನ್ನು ಅಲ್ಲಾಹನು ಸುಲಭಗೊಳಿಸಲಿ, ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.